ಕಾಲ್ನಡಿಗೆಯ ನಂಟು

ರೈಲು, ಮೋಟಾರು, ವಿಮಾನಗಳಿಲ್ಲದ ಕಾಲದಲ್ಲಿ ಮನುಷ್ಯನು ನಡೆದೇ ಊರಿಂದೂರಿಗೆ ಹೋಗುತ್ತಿದ್ದನು. ಆಗ ಅದು ಅನಿವಾರ್ಯವಾಗಿತ್ತು. ಆದರೆ ಇವೆಲ್ಲ ಬಂದ ಮೇಲೆಯೂ ಅಸಂಖ್ಯ ಜನರು ತಾವಾಗಿಯೇ ಹೆಗಲಿಗೆ ಗಂಟು ಏರಿಸಿ ದೂರದ ದಾರಿಯನ್ನು ನಡೆದು ಕ್ರಮಿಸುತ್ತಾರೆ. ಉತ್ತರ ಯುರೋಪಿನ ದೇಶಗಳಲ್ಲಿ ಬೇಸಗೆಯ ರಜೆ ಬಂದೊಡನೆ ತರುಣ ತರುಣಿಯರು ಬೆನ್ನಿಗೆ ಚೀಲವೊಂದನ್ನು ಬಿಗಿದು ಹೊರಡುತ್ತಾರೆ. ವಿಜಯಪುರ ಜಿಲ್ಲೆಯಲ್ಲಿ ಹೋಳಿ ಹುಣ್ಣಿಮೆ ಕಳೆಯುತ್ತಲೇ ಒಕ್ಕಲು ಮಕ್ಕಳು ಶ್ರೀಶೈಲದ ಹಾದಿ ಹಿಡಿಯುತ್ತಾರೆ. ಮೊದಲಿನವರದು ದೇಶ ನೋಡುವ ಹಂಬಲ, ಎರಡನೆಯವರದು ಮಲ್ಲಯ್ಯನ ದರ್ಶನದ ಹಂಬಲ. ಉದ್ದೇಶಗಳು ಬೇರೆಯಾದರೂ ಇಬ್ಬರ ಮುಂದೆಯೂ ಪ್ರತಿ ಸಂಜೆ ಒಂದೇ ಪ್ರಶ್ನೆ ನಿಲ್ಲುತ್ತದೆ: ಗುರುತು ಪರಿಚಯವಿಲ್ಲದ ಊರಿನಲ್ಲಿ ಅನ್ನ, ನೀರು, ಮಲಗುವಷ್ಟು ನೆಲವನ್ನು ಕೊಡುವವರು ಯಾರು?

ವಿಜಯಪುರ ನಗರದಿಂದ ಪಶ್ಚಿಮಕ್ಕೆ, ಅಥಣಿಗೆ ಹೋಗುವ ರಸ್ತೆಯ ಮೇಲೆ, ಸುಮಾರು 20 ಕಿಲೋಮೀಟರು ದೂರದಲ್ಲಿ ತಿಕೋಟಾ ಇದೆ. ಜಮಖಂಡಿಯ ರಸ್ತೆಯನ್ನು ಹಿಡಿದು ನೈರುತ್ಯಕ್ಕೆ ಹೋದರೆ ಹೆಚ್ಚು ಕಡಿಮೆ ಅಷ್ಟೇ ಅಂತರದಲ್ಲಿ ಬಬಲೇಶ್ವರ ಸಿಗುತ್ತದೆ. ಸುತ್ತಲೂ ಎರೆಭೂಮಿ. ಹಿಂಗಾರಿ ಜೋಳವೇ ಇಲ್ಲಿಯ ಹಳೆಯ ಬೆಳೆ. ಮಳೆಗಾಲದ ಕೊನೆಗೆ ಬಿತ್ತಿದ ಜೋಳವು ನೆಲದ ಹಸಿಯನ್ನೇ ಕುಡಿದು ಬೆಳೆದು, ಶಿವರಾತ್ರಿಯ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ರಾಶಿಯಾಗಿ ಕಾಳು ಮನೆ ಸೇರಿದ ಮೇಲೆ ಮುಂದಿನ ಮಳೆಯವರೆಗೆ ಹೊಲದಲ್ಲಿ ಅವಸರದ ಕೆಲಸವಿರುವುದಿಲ್ಲ. ಯುಗಾದಿಯ ಜಾತ್ರೆಗೆ ನಡೆದು ಹೋಗುವ ಪದ್ಧತಿ ಒಕ್ಕಲುತನದ ಈ ಬಿಡುವಿಗೆ ಸರಿಯಾಗಿ ಹೊಂದಿಕೊಂಡಿದೆ. ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಮಾತ್ರ ಇದು ಹಣ್ಣು ಕೊಯ್ದು ಒಣಗಿಸುವ ಕಾಲ. ತಿಕೋಟಾದ ಸುತ್ತಮುತ್ತ ಅಂತಹ ಮನೆಗಳು ಬಹಳ. ಅಲ್ಲಿ ಒಬ್ಬರು ಯಾತ್ರೆಗೆ ಹೊರಟರೆ ಉಳಿದವರು ಕೆಲಸಕ್ಕೆ ನಿಲ್ಲಬೇಕಾಗುತ್ತದೆ.

ಹೊರಡುವವರ ಗಂಟು ದೊಡ್ಡದಲ್ಲ. ಹಾಸಲು ಒಂದು, ಹೊದೆಯಲು ಒಂದು, ಉಡಲು ಒಂದು ಜೊತೆ ಬಟ್ಟೆ, ವಿಭೂತಿ, ನೀರಿನ ಪಾತ್ರೆ, ಬುತ್ತಿ. ಬುತ್ತಿಯೆಂದರೆ ಮುಖ್ಯವಾಗಿ ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಖಡಕ್ ರೊಟ್ಟಿಯಲ್ಲಿ ನೀರಿನ ಅಂಶವಿಲ್ಲದ್ದರಿಂದ ಅದು ಹಲವು ದಿನ ಕೆಡದು, ಹೊರಲು ಹಗುರ. ಪ್ರವಾಸಿಗಳಿಗೆಂದು ಕಾರ್ಖಾನೆಗಳು ಡಬ್ಬಿಯಲ್ಲಿ ತುಂಬಿ ಮಾರುವ ಆಹಾರಗಳ ಗುಣವನ್ನು ಈ ನಾಡಿನ ತಾಯಂದಿರು ಬಹು ಹಿಂದೆಯೇ ತವೆಯ ಮೇಲೆ ಸಾಧಿಸಿದ್ದರೆಂದು ಹೇಳಬಹುದು. ಮನೆತನದಲ್ಲಿ ಮಲ್ಲಯ್ಯನ ಕಂಬಿ ಇದ್ದವರು ಅದನ್ನು ಅಲಂಕರಿಸಿ ಹೆಗಲ ಮೇಲೆ ಹೊತ್ತು ನಡೆಯುತ್ತಾರೆ. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರೂ ಉಂಟು.

ವಿಜಯಪುರದಿಂದ ಶ್ರೀಶೈಲಕ್ಕೆ ಸುಮಾರು 400 ಕಿಲೋಮೀಟರು. ದಿನಕ್ಕೆ 30ರಿಂದ 40 ಕಿಲೋಮೀಟರಿನಂತೆ ನಡೆದರೂ ಹತ್ತು ಹನ್ನೆರಡು ದಿನ ಬೇಕು. ಅದು ಮಾರ್ಚ್, ಏಪ್ರಿಲ್ ತಿಂಗಳುಗಳ ಬಿಸಿಲು. ರಾಯಚೂರಿನ ಬಯಲಿನಲ್ಲಿ ಉಷ್ಣತೆ 40 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಆದುದರಿಂದ ಯಾತ್ರಿಕರು ಬೆಳಗಿನ ಜಾವಕ್ಕೆ ಮುಂಚೆಯೇ ಎದ್ದು ನಡೆಯತೊಡಗಿ, ಹೊತ್ತು ನೆತ್ತಿಗೇರಿದಾಗ ಬೇವಿನ ಮರದ ನೆರಳಿನಲ್ಲೋ ಗುಡಿಯ ಕಟ್ಟೆಯ ಮೇಲೋ ಅಡ್ಡಾಗಿ, ಬಿಸಿಲು ಇಳಿದ ಮೇಲೆ ಮತ್ತೆ ಹೊರಡುತ್ತಾರೆ. ಎರಡನೆಯ ದಿನಕ್ಕೆ ಅಂಗಾಲಿನಲ್ಲಿ ಬೊಬ್ಬೆಗಳು ಏಳುತ್ತವೆ. ಮೂರನೆಯ ದಿನಕ್ಕೆ ಬುತ್ತಿ ಕರಗುತ್ತ ಬರುತ್ತದೆ. ಯಾತ್ರೆಯ ನಿಜವಾದ ಸ್ವರೂಪ ಕಾಣುವುದು ಅಲ್ಲಿಂದ ಮುಂದೆ.

ದಾರಿಯುದ್ದಕ್ಕೂ ಊರೂರಿನ ಜನರು ಚಪ್ಪರ ಹಾಕಿ ಕಾದಿರುತ್ತಾರೆ. ಒಂದು ಕಡೆ ಮಜ್ಜಿಗೆ, ಒಂದು ಕಡೆ ಕಲ್ಲಂಗಡಿ ಹಣ್ಣು, ಮತ್ತೊಂದು ಕಡೆ ರೊಟ್ಟಿ, ಪಲ್ಯ, ಗೋಧಿ ಹುಗ್ಗಿ. ಕಾಲು ನೊಂದವರಿಗೆ ಬಿಸಿನೀರು ಕಾಯಿಸಿ, ಎಣ್ಣೆ ತಿಕ್ಕಿ, ಬೊಬ್ಬೆಗೆ ಮುಲಾಮು ಹಚ್ಚುತ್ತಾರೆ. ಬಡಿಸುವವರು ಯಾತ್ರಿಕನ ಕುಲಗೋತ್ರ ಕೇಳುವುದಿಲ್ಲ. ‘ಅಣ್ಣಾರ, ಇನ್ನೊಂದು ರೊಟ್ಟಿ ತಗೋರಿ’, ‘ಯಕ್ಕಾ, ಸ್ವಲ್ಪ ಕುಂತು ಹೋಗ್ರಿ’ ಎಂಬ ಮಾತಿನಲ್ಲೇ ನಂಟು ಆರಂಭವಾಗುತ್ತದೆ. ಮರುವರ್ಷ ಅದೇ ಚಪ್ಪರದಲ್ಲಿ ಅದೇ ಮುಖಗಳು ಪರಸ್ಪರ ಗುರುತು ಹಿಡಿದಾಗ ಮನೆಯ ಮಕ್ಕಳ ವಿಚಾರ, ಮಳೆ ಬೆಳೆಯ ವಿಚಾರ, ಹಿಂದಿನ ಸಲ ಬಂದಿದ್ದ ಮುದುಕರೊಬ್ಬರು ಈ ಸಲ ಏಕೆ ಬರಲಿಲ್ಲವೆಂಬ ವಿಚಾರ ನಡೆಯುತ್ತದೆ. ವರ್ಷಕ್ಕೆ ಅರ್ಧ ಗಳಿಗೆಯ ಈ ಗೆಳೆತನ ಇಪ್ಪತ್ತು ವರ್ಷ ಉಳಿದರೆ ಅಚ್ಚರಿಯಿಲ್ಲ.

ಇದನ್ನು ದಾಸೋಹವೆಂದು ಕರೆಯುತ್ತಾರೆ. ಕೊಡುವವನು ಮೇಲು, ಕೊಳ್ಳುವವನು ಕೀಳು ಎಂಬ ಭಾವನೆಗೆ ಇಲ್ಲಿ ಎಡೆಯಿಲ್ಲ. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದಲ್ಲಿ, ಎಂದರೆ 12ನೆಯ ಶತಮಾನದಲ್ಲಿ, ಈ ಕಲ್ಪನೆ ಬೇರೂರಿತು. ಸೊನ್ನಲಿಗೆಯ ಸಿದ್ಧರಾಮನೂ ಅಕ್ಕಮಹಾದೇವಿಯೂ ಶ್ರೀಶೈಲವನ್ನು ಅರಸಿ ನಡೆದುದು ಅದೇ ಶತಮಾನದಲ್ಲಿ. ಹೀಗೆ ಕೊಡುವವರು ಸಮೃದ್ಧಿಯ ನಾಡಿನವರಲ್ಲವೆಂಬುದನ್ನು ನೆನೆಯಬೇಕು. ವಿಜಯಪುರ ಜಿಲ್ಲೆ ಬರಗಾಲಕ್ಕೆ ಹೆಸರಾದದ್ದು. ತುಬಚಿ–ಬಬಲೇಶ್ವರ ಏತ ನೀರಾವರಿಯಂತಹ ಯೋಜನೆಗಳಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಹರಿದದ್ದು ತೀರ ಈಚೆಗೆ. ಅದಕ್ಕೆ ಮುಂಚೆ ಬೇಸಗೆಯಲ್ಲಿ ದಾರಿಹೋಕನಿಗೆ ಕೊಟ್ಟ ಒಂದು ತಂಬಿಗೆ ನೀರು ದೂರದ ಬಾವಿಯಿಂದ ಹೊತ್ತು ತಂದ ನೀರಾಗಿರುತ್ತಿತ್ತು.

ಪ್ರಯಾಣಿಕರನ್ನು ಕುರಿತ ಈ ಕಾಳಜಿ ಅರಸರಲ್ಲಿಯೂ ಇತ್ತು. ವಿಜಯಪುರ ನಗರದಲ್ಲಿ ಆದಿಲಶಾಹಿಗಳ ಕಾಲದ ತಾಜ್ ಬಾವಡಿಯ ಎರಡು ಪಕ್ಕಗಳ ಕಮಾನು ಕಟ್ಟಡಗಳು ಪ್ರವಾಸಿಗಳು ತಂಗುವುದಕ್ಕೆಂದೇ ಕಟ್ಟಿದವು. ನಡೆದು ಬಂದವನಿಗೆ ನೀರು ಮತ್ತು ನೆರಳು ಒಂದೇ ಕಡೆ ಸಿಗಬೇಕೆಂಬ ಆಲೋಚನೆ ಅದರಲ್ಲಿ ಸ್ಪಷ್ಟವಾಗಿದೆ. ಮುಸ್ತಫಾಖಾನನು 1640ರ ಸುಮಾರಿಗೆ ಇಲ್ಲಿ ದೊಡ್ಡದೊಂದು ಸರಾಯಿಯನ್ನು ಕಟ್ಟಿಸಿದನು. ದಾರಿಹೋಕರಿಗೆ ಬಾಗಿಲು ತೆರೆದಿಡಲು ಕಟ್ಟಿದ ಆ ಮನೆ ಮುಂದೆ ಕಾರಾಗೃಹವಾದದ್ದು ಇತಿಹಾಸದ ವಿನೋದಗಳಲ್ಲೊಂದು.

ಯುರೋಪಿನವರು ಇದೇ ಪ್ರಶ್ನೆಗೆ ಬೇರೊಂದು ಬಗೆಯ ಉತ್ತರ ಕಂಡುಕೊಂಡರು. ಜರ್ಮನಿಯ ರಿಚರ್ಡ್ ಶಿರ್‌ಮಾನ್ ಎಂಬ ಶಾಲಾಶಿಕ್ಷಕರು 1909ರ ಆಗಸ್ಟಿನಲ್ಲಿ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯ ಪ್ರವಾಸ ಹೊರಟಿದ್ದಾಗ ಗುಡುಗು ಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯ ದಿನಗಳಲ್ಲಿ ಬರಿದಾಗಿರುವ ಶಾಲೆಗಳು ನಡೆಯುವ ಮಕ್ಕಳಿಗೆ ತಂಗುಮನೆಗಳಾಗಬಾರದೇಕೆ ಎಂಬ ವಿಚಾರ ಅವರಿಗೆ ಆಗ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲ ಶಾಶ್ವತ ಯುವ ವಸತಿಗೃಹ ಆರಂಭವಾಯಿತು. ಅನಂತರ ಅಂತಹವು ಜಗತ್ತಿನಾದ್ಯಂತ ಹರಡಿದವು. ಅಲ್ಲಿ ಅಲ್ಪ ಬಾಡಿಗೆಗೆ ಮಂಚವೊಂದು ದೊರೆಯುತ್ತದೆ. ಎಷ್ಟೋ ಕಡೆ ಅಡುಗೆಮನೆ ಎಲ್ಲರಿಗೂ ಒಂದೇ. ಒಂದೇ ಒಲೆಯ ಮುಂದೆ ನಿಂತ ಇಬ್ಬರು ಅಪರಿಚಿತರು ಮರುದಿನ ಜೊತೆಗೂಡಿ ನಡೆಯುವುದೂ, ಮುಂದೊಮ್ಮೆ ಒಬ್ಬರ ಊರಿಗೆ ಇನ್ನೊಬ್ಬರು ಅತಿಥಿಯಾಗಿ ಹೋಗುವುದೂ ಅಲ್ಲಿ ಸಾಮಾನ್ಯ. ಸ್ವೀಡನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಬೇರೊಬ್ಬರ ಕಾಡು, ಬಯಲುಗಳಲ್ಲಿ ಯಾರು ಬೇಕಾದರೂ ನಡೆಯಬಹುದು, ಒಂದು ರಾತ್ರಿ ಗುಡಾರ ಹಾಕಬಹುದು, ಕಾಡುಹಣ್ಣು ಕಿತ್ತು ತಿನ್ನಬಹುದು. ಮನೆಯಂಗಳಕ್ಕೂ ಬೆಳೆದ ಪೈರಿಗೂ ಕಾಲಿಡಬಾರದು, ಅಷ್ಟೆ. ಹಿಂದಿನಿಂದ ಬಂದ ಈ ರೂಢಿಗೆ 1994ರಲ್ಲಿ ಆ ದೇಶದ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ಅಲ್ಲಿ ಕಾನೂನು ನಡೆಯುವವನಿಗೆ ನೆಲವನ್ನು ಕೊಟ್ಟಿದೆ, ಊಟವನ್ನು ಅವನೇ ಹೊರಬೇಕು. ಶ್ರೀಶೈಲದ ದಾರಿಯಲ್ಲಿ ಯಾವ ಕಾನೂನೂ ಇಲ್ಲ, ಆದರೂ ಊಟ ಕಾದಿರುತ್ತದೆ.

ಯಾತ್ರಿಕರು ಮೊದಲು ಕೃಷ್ಣೆಯನ್ನು, ಆಮೇಲೆ ತುಂಗಭದ್ರೆಯನ್ನು ದಾಟಬೇಕು. ಅಷ್ಟರಲ್ಲಿ ಭಾಷೆ ತೆಲುಗಾಗಿರುತ್ತದೆ. ಆದರೂ ಉಪಚಾರ ತಪ್ಪುವುದಿಲ್ಲ. ಕನ್ನಡಿಗರು ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಭಾವಿಸಿ ಸೀರೆ, ಕುಪ್ಪಸ ಒಯ್ಯುತ್ತಾರೆ. ಸ್ವಾರಸ್ಯವೆಂದರೆ ನಲ್ಲಮಲ ಕಾಡಿನ ಚೆಂಚು ಜನರೂ ತಮ್ಮ ಕುಲದ ಹೆಣ್ಣನ್ನು ಮದುವೆಯಾದನೆಂದು ಅವನನ್ನು ಚೆಂಚು ಮಲ್ಲಯ್ಯನೆಂದೇ ಕರೆಯುತ್ತಾರೆ. ಎರಡು ಭಾಷೆಯ ಬೀಗರ ನಡುವೆ ಈ ವಿಷಯದಲ್ಲಿ ಜಗಳವಾದದ್ದಿಲ್ಲ.

ಕೊನೆಯ ಹಂತ ಆ ಕಾಡಿನದು. ಆತ್ಮಕೂರಿನ ಬಳಿಯ ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮುನಿಕೊಳನು ದಾಟಿ ಕಡಿದಾದ ಮೆಟ್ಟಿಲುಗಳನ್ನೇರಿದರೆ ಕೈಲಾಸದ್ವಾರ ತಲಪುತ್ತದೆ. ಇದು ಹುಲಿಗಳ ಅಭಯಾರಣ್ಯವಾದ್ದರಿಂದ ಅರಣ್ಯ ಇಲಾಖೆಯು ಜಾತ್ರೆಯ ದಿನಗಳಲ್ಲಿ ಮಾತ್ರ ದಾರಿ ಬಿಡುತ್ತದೆ. ಇಲ್ಲಿ ಊರುಗಳಿಲ್ಲ, ನೀರು, ಊಟಗಳನ್ನು ಸೇವೆಯವರು ಹೊರಗಿನಿಂದ ಸಾಗಿಸಬೇಕು. ಹಾಗೆ ಸಾಗಿಸಿದ ಪ್ಲಾಸ್ಟಿಕ್ ಬಾಟಲಿಗಳು, ಚೀಲಗಳು ಕಾಡಿನಲ್ಲಿಯೇ ಉಳಿಯುವುದು ಈಗಿನ ದೊಡ್ಡ ಚಿಂತೆ. ಇನ್ನೊಂದು ಚಿಂತೆ ಹೆದ್ದಾರಿಗಳದು. ಎತ್ತಿನ ಬಂಡಿ ಹೋಗುತ್ತಿದ್ದ ದಾರಿಗಳಲ್ಲಿ ಈಗ ಲಾರಿಗಳು ಓಡುತ್ತವೆ. ಬಿಸಿಲಿಗೆ ಅಂಜಿ ಕತ್ತಲಲ್ಲಿ ನಡೆಯುವ ಯಾತ್ರಿಕನು ವಾಹನ ನಡೆಸುವವನ ಕಣ್ಣಿಗೆ ಬೀಳುವುದು ಕಷ್ಟ. ಆದುದರಿಂದ ತಿಳಿದ ತಂಡದವರು ರಸ್ತೆಯ ಬಲಬದಿಗೆ, ಎದುರಿನ ವಾಹನ ಕಾಣುವಂತೆ ಸಾಲಾಗಿ ನಡೆಯುತ್ತಾರೆ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳನ್ನು ಗಂಟಿಗೆ ಅಂಟಿಸಿಕೊಳ್ಳುವುದೂ ಒಳ್ಳೆಯದು.

ಯುಗಾದಿ ಮುಗಿದ ಮೇಲೆ ಮರಳುವಾಗ ಹೆಚ್ಚಿನವರು ಸಾರಿಗೆ ಸಂಸ್ಥೆಯ ಬಸ್ಸು ಹತ್ತುತ್ತಾರೆ. ಹನ್ನೆರಡು ದಿನ ನಡೆದ ದಾರಿ ಒಂದೇ ರಾತ್ರಿಯಲ್ಲಿ ಹಿಂದೆ ಸರಿಯುತ್ತದೆ. ಕೆಲವರು ಮುಂದಿನ ವರ್ಷ ತಾವು ನಡೆಯದೆ, ತಮ್ಮ ಊರಿನ ರಸ್ತೆಯ ಬದಿಯಲ್ಲಿ ಚಪ್ಪರ ಹಾಕಿ ಮಜ್ಜಿಗೆಯ ಹರವಿ ಇಟ್ಟುಕೊಂಡು ಕೂಡುತ್ತಾರೆ.