ಖಾಲಿ ಡಬ್ಬದ ಒಲೆಯಲ್ಲಿ ಒಂದು ಲೀಟರ್ ನೀರು

ಒಂದು ಲೀಟರ್ ನೀರು ಕುದಿಯಲು ಎಷ್ಟು ಸೌದೆ ಬೇಕು? ಮನೆಯಲ್ಲಿ ಈ ಪ್ರಶ್ನೆ ಕೇಳಿದರೆ ಅಜ್ಜಿ ‘ಎರಡು ಕೊಳ್ಳಿ’ ಎನ್ನಬಹುದು, ಅಪ್ಪ ‘ಅರ್ಧ ಕೆ.ಜಿ.’ ಎನ್ನಬಹುದು. ಹೈಸ್ಕೂಲಿನ ವಿಜ್ಞಾನ ಪುಸ್ತಕ ಹೇಳುವ ಲೆಕ್ಕವೇ ಬೇರೆ. ಒಂದು ಲೀಟರ್ ನೀರಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. 25 ಡಿಗ್ರಿಯಲ್ಲಿರುವ ನೀರು 100 ಡಿಗ್ರಿ ಮುಟ್ಟಲು 75 ಕಿಲೋಕ್ಯಾಲೊರಿ. (ಬೆಂಗಳೂರಿನಂಥ ಎತ್ತರದ ಊರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆ ಸಣ್ಣ ರಿಯಾಯಿತಿಯನ್ನು ಸದ್ಯಕ್ಕೆ ಬಿಡೋಣ.) ಚೆನ್ನಾಗಿ ಒಣಗಿದ ಸೌದೆಯ ಒಂದು ಗ್ರಾಂ ಮೂರೂವರೆಯಿಂದ ನಾಲ್ಕು ಕಿಲೋಕ್ಯಾಲೊರಿ ಶಾಖ ಕೊಡುತ್ತದೆ. ಭಾಗಿಸಿ ನೋಡಿದರೆ ಉತ್ತರ ಸುಮಾರು 20 ಗ್ರಾಂ! ನಾಲ್ಕೈದು ಪೆನ್ಸಿಲ್‌ಗಳ ತೂಕ ಅಷ್ಟೆ.

ಆದರೆ ಶಿಬಿರದ ಬಯಲಿನಲ್ಲಿ ಮೂರು ಕಲ್ಲಿಟ್ಟು, ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು ನೀರು ಕಾಯಿಸಿದವರಿಗೆ ಈ ಲೆಕ್ಕ ನಂಬುವುದು ಕಷ್ಟ. ಅಲ್ಲಿ ಇದರ ಹತ್ತು ಪಟ್ಟು ಸೌದೆ ಉರಿದುಹೋಗಿದ್ದರೂ ಆಶ್ಚರ್ಯವಿಲ್ಲ. ಹಾಗಾದರೆ ಉಳಿದ ಶಾಖ ಹೋದದ್ದೆಲ್ಲಿ? ಇದಕ್ಕೆ ಉತ್ತರ ಹುಡುಕಲು ದೊಡ್ಡ ಪ್ರಯೋಗಶಾಲೆ ಬೇಡ. ಗುಜರಿಗೆ ಹಾಕಲು ಇಟ್ಟ ಎರಡು ಮೂರು ತಗಡಿನ ಡಬ್ಬಗಳು ಸಾಕು.

ಡಬ್ಬವನ್ನು ಒಲೆ ಮಾಡಿಕೊಂಡವರು ಮೊದಲಿಗೆ ಅದನ್ನು ಹವ್ಯಾಸಕ್ಕೆ ಮಾಡಿಕೊಂಡವರಲ್ಲ. 1929ರಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಕುಸಿದ ಮೇಲೆ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಕೂಲಿ ಹುಡುಕುತ್ತಾ ಗೂಡ್ಸ್ ರೈಲುಗಳಲ್ಲಿ ಕದ್ದು ಹತ್ತಿ ಊರಿಂದೂರಿಗೆ ಅಲೆದವರನ್ನು ಅಲ್ಲಿ ‘ಹೋಬೋ’ ಎಂದು ಕರೆಯುತ್ತಿದ್ದರು. ಹಳಿಗಳ ಪಕ್ಕದಲ್ಲಿ ಸಿಕ್ಕ ಖಾಲಿ ಡಬ್ಬಕ್ಕೆ ಚಾಕುವಿನಿಂದ ನಾಲ್ಕಾರು ತೂತು ಮಾಡಿ, ಒಳಗೆ ಚಕ್ಕೆ ಚೂರು ಹಾಕಿ ಹೊತ್ತಿಸಿ, ಮೇಲೆ ಇನ್ನೊಂದು ಡಬ್ಬ ಇಟ್ಟರೆ ಅದೇ ಅಡುಗೆಮನೆ. ‘ಹೋಬೋ ಸ್ಟೌವ್’ ಎಂಬ ಹೆಸರು ಹಾಗೆಯೇ ಉಳಿದುಕೊಂಡಿದೆ.

ಹತ್ತು ವರ್ಷ ಕಳೆಯುವುದರೊಳಗೆ ಇದೇ ಬುದ್ಧಿ ಮರುಭೂಮಿಯಲ್ಲಿ ಕೆಲಸಕ್ಕೆ ಬಂತು. ಎರಡನೇ ಮಹಾಯುದ್ಧದಲ್ಲಿ, 1940ರಿಂದ 1943ರವರೆಗೆ ಉತ್ತರ ಆಫ್ರಿಕದಲ್ಲಿ ಹೋರಾಡಿದ ಬ್ರಿಟಿಷ್ ಸೇನೆಗೆ ಪೆಟ್ರೋಲು ಬರುತ್ತಿದ್ದುದು ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಟಿನ್ನುಗಳಲ್ಲಿ. ಸೀಮೆಎಣ್ಣೆ ತುಂಬಿಕೊಂಡು ಬಂದು, ಆಮೇಲೆ ಭಾರತದ ಮನೆಮನೆಗಳಲ್ಲಿ ನೀರು ಹೊರುವ, ಕಾಳು ತುಂಬುವ ಡಬ್ಬವಾದ ಆ ಚೌಕ ಟಿನ್ನಿನ ಅಣ್ಣತಮ್ಮ ಅದು. ಲಾರಿಯಲ್ಲಿ ಕುಲುಕಿದರೆ ಬೆಸುಗೆ ಬಿಟ್ಟು ಸೋರುತ್ತಿತ್ತು, ಎರಡನೇ ಸಲ ತುಂಬುವುದಕ್ಕೆ ಬರುತ್ತಿರಲಿಲ್ಲ. ಶತ್ರುಗಳಾದ ಜರ್ಮನರ ಬಳಿ ಇದ್ದ ಗಟ್ಟಿ ಡಬ್ಬ ಕೈಗೆ ಸಿಕ್ಕಾಗ ಬ್ರಿಟಿಷರು ಅದನ್ನೇ ನಕಲು ಮಾಡಿದರು. ‘ಜೆರಿಕ್ಯಾನ್’ ಹೆಸರು ಬಂದದ್ದು ಹಾಗೆ. ರಾಶಿಬಿದ್ದ ಸೋರುವ ಟಿನ್ನುಗಳನ್ನು ಏನು ಮಾಡುವುದು? ಸೈನಿಕರು ಅದನ್ನು ಅರ್ಧಕ್ಕೆ ಕತ್ತರಿಸಿ, ಅಂಚಿನ ಕೆಳಗೆ ತೂತು ಹೊಡೆದು, ಮರಳು ತುಂಬಿ, ಪೆಟ್ರೋಲು ಸುರಿದು ಕಲಸಿ, ದೂರ ನಿಂತು ಕಡ್ಡಿ ಗೀರುತ್ತಿದ್ದರು. ಉಳಿದರ್ಧದಲ್ಲಿ ಚಹಾ ಕುದಿಯುತ್ತಿತ್ತು. ಲಿಬಿಯದ ಬೆಂಘಾಜಿ ಪಟ್ಟಣದ ಹೆಸರಿನಲ್ಲಿ ಇದು ‘ಬೆಂಘಾಜಿ ಬರ್ನರ್’ ಆಯಿತು. ಪೆಟ್ರೋಲು ನೀರಿಗಿಂತ ಧಾರಾಳವಾಗಿ ಸಿಗುತ್ತಿದ್ದ ಜಾಗದ, ನಾಳೆಯ ಭರವಸೆಯಿಲ್ಲದ ಜನರ ಒಲೆ ಅದು. ಮಕ್ಕಳು ಅದನ್ನು ಓದಿ ತಿಳಿದರೆ ಸಾಕು, ಮಾಡಿ ನೋಡಬಾರದು.

ಅಮೆರಿಕದ ಸ್ಕೌಟ್ ಮತ್ತು ಗೈಡ್ ಮಕ್ಕಳು ಕಲಿಯುತ್ತಾ ಬಂದ ಡಬ್ಬದ ಒಲೆ ಇನ್ನೂ ಸಾಧು. ಚಪ್ಪಟೆಯಾದ ಸಣ್ಣ ಡಬ್ಬದೊಳಗೆ ರಟ್ಟಿನ ಪೆಟ್ಟಿಗೆಯ ಪಟ್ಟಿಯನ್ನು ಸುರುಳಿ ಸುತ್ತಿಟ್ಟು, ಕರಗಿದ ಮೇಣ ಸುರಿದು ಆರಿಸುತ್ತಾರೆ. ರಟ್ಟು ಬತ್ತಿಯಾಗುತ್ತದೆ, ಮೇಣ ಇಂಧನ. ಅದರ ಮೇಲೆ ದೊಡ್ಡ ಡಬ್ಬವನ್ನು ಬೋರಲು ಹಾಕಿದರೆ ಅದರ ತಳವೇ ಕಾವಲಿ. ಮೇಣವನ್ನು ಮಾತ್ರ ನೇರ ಉರಿಯ ಮೇಲೆ ಕರಗಿಸಬಾರದು, ಕುದಿಯುವ ನೀರಿನೊಳಗೆ ಇಟ್ಟ ಪಾತ್ರೆಯಲ್ಲೇ ಕರಗಿಸಬೇಕು. ಹೊತ್ತಿದ ಮೇಣಕ್ಕೆ ನೀರು ಹಾಕಿದರೆ ಜ್ವಾಲೆ ಆಳೆತ್ತರ ಎಗರುತ್ತದೆ. ತಟ್ಟೆ ಮುಚ್ಚಿ ನಂದಿಸುವುದೊಂದೇ ದಾರಿ.

ಇವೆಲ್ಲ ನೀರು ಕಾಯಿಸಿದವು, ನಿಜ. ಆದರೆ ಹೊಗೆ ಮತ್ತು ಪೋಲಿನ ಪ್ರಶ್ನೆಯನ್ನು ಡಬ್ಬದೊಳಗೆ ಇಟ್ಟು ಬಿಡಿಸಿದವರು ಅಮೆರಿಕದ ಓರೆಗನ್ ರಾಜ್ಯದ ಲ್ಯಾರಿ ವಿನಿಯಾರ್ಸ್ಕಿ ಎಂಬ ಎಂಜಿನಿಯರ್. ಅಲ್ಲಿನ ಅಪ್ರೊವೆಚೊ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಒಲೆಗೆ ‘ರಾಕೆಟ್ ಒಲೆ’ ಎಂದು ಹೆಸರು. ಆಕಾಶಕ್ಕೇನೂ ಹಾರುವುದಿಲ್ಲ. ಇಂಗ್ಲಿಷಿನ ‘ಎಲ್’ ಅಕ್ಷರದ ಹಾಗೆ ಬಾಗಿದ ಒಂದು ಕೊಳವೆ, ಅದರ ಅಡ್ಡಬಾಯಿಯಲ್ಲಿ ಕಡ್ಡಿ, ನೆಟ್ಟಬಾಯಿಯ ಮೇಲೆ ಪಾತ್ರೆ, ಇಷ್ಟೇ. ಈ ಒಲೆಯನ್ನು ಹಳೆಯ ಡಬ್ಬಗಳಿಂದಲೇ ಮಾಡಬಹುದು. ಆಫ್ರಿಕ ಮತ್ತು ಮಧ್ಯ ಅಮೆರಿಕದ ಬಡವರ ಅಡುಗೆಮನೆಗಳಿಗೆ ಇದರ ನಾನಾ ರೂಪಗಳು ಹೋಗಿವೆ.

ಇದರ ಗುಟ್ಟು ತಿಳಿಯಬೇಕಾದರೆ ಹೊಗೆ ಏನೆಂದು ತಿಳಿಯಬೇಕು. ಸೌದೆ ಬಿಸಿಯಾದಾಗ ಅದರಿಂದ ಉರಿಯಬಲ್ಲ ಅನಿಲಗಳು ಹೊರಡುತ್ತವೆ. ಸಾಕಷ್ಟು ಗಾಳಿ ಮತ್ತು ಸಾಕಷ್ಟು ಕಾವು ಎರಡೂ ಸಿಕ್ಕರೆ ಅವು ಜ್ವಾಲೆಯಾಗುತ್ತವೆ, ಇಲ್ಲದಿದ್ದರೆ ಹೊಗೆಯಾಗಿ ಕಣ್ಣಿಗೆ ನುಗ್ಗುತ್ತವೆ. ಅಂದರೆ ಹೊಗೆಯೆಂದರೆ ಉರಿಯದೆ ಓಡಿಹೋಗುತ್ತಿರುವ ಸೌದೆ! ಊದುಗೊಳವೆ ಹಿಡಿದು ಊದಿದಾಗ ಹೊಗೆ ಪಕ್ಕನೆ ಜ್ವಾಲೆಯಾಗುವುದನ್ನು ನೋಡಿದವರಿಗೆ ಇದು ಹೊಸತಲ್ಲ. ವಿನಿಯಾರ್ಸ್ಕಿ ಒಲೆಯಲ್ಲಿ ಊದುವ ಕೆಲಸವನ್ನು ನೆಟ್ಟಗಿರುವ ಕೊಳವೆಯೇ ಮಾಡುತ್ತದೆ. ಬಿಸಿಗಾಳಿ ಮೇಲೇರುವಾಗ ಕೆಳಗಿನಿಂದ ಹೊಸ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಕೊಳವೆಯ ಸುತ್ತ ಶಾಖ ಸೋರದಂತೆ ಹೊದಿಕೆ ಇರುವುದರಿಂದ ಒಳಗೆ ಕಾವು ಏರಿ, ಅನಿಲಗಳು ಪಾತ್ರೆ ಮುಟ್ಟುವ ಮುಂಚೆಯೇ ಉರಿದುಬಿಡುತ್ತವೆ.

ಆ ಹೊದಿಕೆಯ ವಿಷಯದಲ್ಲಿ ಅನೇಕರ ಊಹೆ ತಪ್ಪುತ್ತದೆ. ದಪ್ಪ ಮಣ್ಣಿನ ಗೋಡೆ ಶಾಖವನ್ನು ಕಾಪಾಡುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಭಾರವಾದ ಮಣ್ಣು, ಮರಳು, ಇಟ್ಟಿಗೆ ಮೊದಲು ತಾವೇ ಶಾಖ ಕುಡಿಯುತ್ತವೆ, ನೀರಿಗೆ ಉಳಿದದ್ದು. ಬೇಕಾದದ್ದು ಹಗುರವಾದ, ಒಳಗೆ ಗಾಳಿ ಹಿಡಿದಿಟ್ಟುಕೊಂಡ, ಕಂಬಳಿಯ ಗುಣದ ವಸ್ತು. ಅಂಥದ್ದು ಪ್ರತಿ ಒಲೆಯ ಬಾಯಲ್ಲೇ ಪುಕ್ಕಟೆ ಸಿಗುತ್ತದೆ: ಬೂದಿ.

ಶಾಲೆಯ ವಿಜ್ಞಾನ ಸಂಘದವರು ಇಂಥ ಒಲೆ ಮಾಡಲು ಹೊರಟರೆ ಐದು ಲೀಟರಿನಷ್ಟು ಹಿಡಿಯುವ ದುಂಡು ಡಬ್ಬ ಒಂದು, ಹಾಲಿನ ಪುಡಿಯ ಡಬ್ಬದ ಅಳತೆಯ ಚಿಕ್ಕವು ಎರಡು ಬೇಕು. ಬಣ್ಣದ ಡಬ್ಬ, ಕೀಟನಾಶಕದ ಡಬ್ಬ ಬೇಡವೇ ಬೇಡ. ಸತುವಿನ ಲೇಪವಿರುವ ಬಕೆಟ್ಟಿನ ತಗಡೂ ಬೇಡ, ಕಾದಾಗ ಅದರಿಂದ ಏಳುವ ಹೊಗೆ ಕೆಟ್ಟದ್ದು. ದೊಡ್ಡ ಡಬ್ಬದ ಪಕ್ಕದಲ್ಲಿ, ತಳದಿಂದ ಮೂರು ಸೆಂಟಿಮೀಟರ್ ಮೇಲೆ, ಚಿಕ್ಕ ಡಬ್ಬ ಬಿಗಿಯಾಗಿ ತೂರುವಷ್ಟು ದುಂಡನೆಯ ಬಾಯಿ ಕತ್ತರಿಸಬೇಕು. ಎರಡೂ ಕಡೆ ತೆರೆದ ಚಿಕ್ಕ ಡಬ್ಬ ಅದರೊಳಗೆ ಅಡ್ಡ ಹೋಗುತ್ತದೆ. ಇನ್ನೊಂದು ಚಿಕ್ಕ ಡಬ್ಬ ಒಳಗೆ ನೆಟ್ಟಗೆ ನಿಲ್ಲುತ್ತದೆ. ಅದರ ತಳ ಹಾಗೇ ಇರಲಿ, ಪಕ್ಕದಲ್ಲಿ ಮಾತ್ರ ಅಡ್ಡ ಡಬ್ಬ ಬಂದು ಕೂಡುವಂತೆ ಬಾಯಿ ಇರಬೇಕು. ನೆಟ್ಟ ಡಬ್ಬದ ತುದಿ ದೊಡ್ಡ ಡಬ್ಬದ ಅಂಚಿಗೆ ಬಾರದಿದ್ದರೆ ತಗಡಿನ ತುಂಡು ಸುತ್ತಿ ಎತ್ತರಿಸಬಹುದು. ಈಗ ನಡುವಿನ ಜಾಗಕ್ಕೆಲ್ಲ ಜರಡಿ ಹಿಡಿದ, ಇದ್ದಿಲ ಚೂರಿಲ್ಲದ ಒಣ ಬೂದಿ ತುಂಬಿ, ಮೇಲೆ ನಡುವೆ ತೂತಿರುವ ತಗಡಿನ ಮುಚ್ಚಳ ಹಾಕಿದರೆ ಒಲೆ ಮುಗಿಯಿತು.

ಮುಗಿಯಿತೆಂದರೆ, ಒಂದು ಸಣ್ಣ ಪಟ್ಟಿ ಬಿಟ್ಟು. ಅಡ್ಡಬಾಯಿಯ ನಡುಮಟ್ಟದಲ್ಲಿ ಒಂದು ತಗಡಿನ ಹಲಗೆ ತೂರಿಸಬೇಕು. ಕಡ್ಡಿಗಳು ಅದರ ಮೇಲೆ, ಗಾಳಿ ಅದರ ಕೆಳಗೆ. ಇದಿಲ್ಲದಿದ್ದರೆ ಮಕ್ಕಳು ಉತ್ಸಾಹದಿಂದ ಬಾಯಿತುಂಬ ಸೌದೆ ತುರುಕುತ್ತಾರೆ, ಉಸಿರುಕಟ್ಟಿದ ಒಲೆ ಹೊಗೆ ಕಾರುತ್ತದೆ. ಬೆರಳು ದಪ್ಪದ ಮೂರು ನಾಲ್ಕು ಕಡ್ಡಿಗಳ ತುದಿ ಮಾತ್ರ ಉರಿಯಬೇಕು, ಉರಿದಂತೆಲ್ಲ ಒಳಗೆ ನೂಕುತ್ತಿರಬೇಕು. ಪಾತ್ರೆಯನ್ನು ಒಂದು ಸೆಂಟಿಮೀಟರಿನಷ್ಟು ಮೇಲೆ ನಿಲ್ಲಿಸಲು ಮೂರು ಬೋಲ್ಟು ಸಾಕು. ಪಾತ್ರೆಯ ಸುತ್ತ ಬೆರಳು ತೂರುವಷ್ಟು ಸಂದಿ ಬಿಟ್ಟು ತಗಡಿನ ಲಂಗ ಸುತ್ತಿದರೆ ಬಿಸಿಗಾಳಿ ಅದರ ಮೈಯನ್ನೂ ಸವರಿಕೊಂಡು ಹೋಗುತ್ತದೆ. ಒಳಗಿನ ತೆಳು ಡಬ್ಬ ಕೆಲವು ವಾರಗಳ ಬಳಕೆಗೇ ಸುಟ್ಟು ಉದುರುತ್ತದೆ. ಬೇರೆ ಹಾಕಬೇಕು, ಅದಕ್ಕೇನು ಬರವಿಲ್ಲವಲ್ಲ.

ಇದೇ ಕಾಲಕ್ಕೆ ಬೆಂಗಳೂರಿನಲ್ಲೂ ಕೆಲವರು ಇದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಘಟಕ ಹಳ್ಳಿಯ ಮನೆಗಳಿಗಾಗಿ ಮೂರು ಪಾತ್ರೆ ಇಡಬಹುದಾದ, ಹೊಗೆ ಕೊಳವೆಯಿರುವ ‘ಅಸ್ತ್ರ ಒಲೆ’ಯನ್ನು 1980ರ ದಶಕದ ಮೊದಲಲ್ಲಿ ರೂಪಿಸಿತು. ಅದು ಡಬ್ಬದ್ದಲ್ಲ, ಶಿಬಿರಕ್ಕೆ ಹೊತ್ತೊಯ್ಯುವಂಥದ್ದೂ ಅಲ್ಲ. ಆದರೆ ಗಾಳಿ ಎಲ್ಲಿಂದ ಎಷ್ಟು ಬರಬೇಕು, ಉರಿ ಪಾತ್ರೆಗೆ ಎಷ್ಟು ಹತ್ತಿರ ಹರಿಯಬೇಕು ಎಂಬ ಅದೇ ಲೆಕ್ಕ ಅಲ್ಲಿಯೂ ಇತ್ತು. ದಿನವಿಡೀ ಹೊಗೆ ಕುಡಿದು ಕೆಮ್ಮುವ ತಾಯಂದಿರ ಪುಪ್ಪುಸದ ಪ್ರಶ್ನೆ ಅದು.

ಒಲೆ ಮಾಡಿದ ಮಕ್ಕಳು ಅದನ್ನು ಪ್ರದರ್ಶನದ ಮೇಜಿನ ಮೇಲಿಟ್ಟು ಬಹುಮಾನಕ್ಕೆ ಕಾಯುವುದಕ್ಕಿಂತ ಅಡುಗೆಮನೆಯ ತಕ್ಕಡಿ ತಂದು ತೂಗುವುದು ಮೇಲು. ಅರ್ಧ ಕೆ.ಜಿ. ಒಣ ಕಡ್ಡಿ ತೂಗಿಟ್ಟುಕೊಂಡು, ಒಂದು ಲೀಟರ್ ನೀರನ್ನು ಮುಚ್ಚಳ ಹಾಕಿ ಕುದಿಸಿ, ಕೂಡಲೇ ಕಡ್ಡಿಗಳನ್ನು ಹೊರಗೆಳೆದು, ಅವುಗಳ ಕೆಂಡವನ್ನು ತಟ್ಟೆಗೆ ಉದುರಿಸಿ ನಂದಿಸಬೇಕು. ಉಳಿದ ಕಡ್ಡಿಯ ತೂಕ ಕಳೆದರೆ ಖರ್ಚು ಸಿಗುತ್ತದೆ. ಇದ್ದಿಲಿನಲ್ಲಿ ಶಾಖ ಹೆಚ್ಚು ಇರುವುದರಿಂದ ಉಳಿದ ಇದ್ದಿಲಿನ ಪ್ರತಿ ಗ್ರಾಂಗೆ ಒಂದೂವರೆ ಗ್ರಾಂ ಸೌದೆಯಂತೆ ಅದರಿಂದ ಮತ್ತೆ ಕಳೆಯಬೇಕು. ಉತ್ತರ 200 ಗ್ರಾಂ ಬಂದರೆ ಒಲೆಗೆ ನೂರಕ್ಕೆ ಹತ್ತು ಅಂಕ, 100 ಗ್ರಾಂ ಬಂದರೆ ಇಪ್ಪತ್ತು. ಹಲಗೆ ತೆಗೆದು ಒಮ್ಮೆ, ಲಂಗ ಬಿಚ್ಚಿ ಒಮ್ಮೆ, ಬೂದಿಯ ಬದಲು ಮರಳು ತುಂಬಿ ಒಮ್ಮೆ ತೂಗಿ ನೋಡಿದರೆ ಯಾವ ಭಾಗ ಏನು ಮಾಡುತ್ತಿದೆ ಎಂದು ಒಲೆಯೇ ಹೇಳುತ್ತದೆ.

ಮಗ ಬೆಂಕಿಕಡ್ಡಿ ಹಿಡಿದನೆಂದರೆ ತಾಯಿಗೆ ಎದೆ ಡವಗುಟ್ಟುವುದು ಸಹಜ. ಆದರೆ ಈ ಕೆಲಸದಲ್ಲಿ ಮೊದಲ ಗಾಯ ಮಾಡುವುದು ಬೆಂಕಿಯಲ್ಲ, ತಗಡಿನ ಅಂಚು. ಕತ್ತರಿಸುವ ಕೆಲಸವನ್ನು ದೊಡ್ಡವರೋ ತಗಡಿನ ಕೆಲಸದವರೋ ಕೈಚೀಲ ಹಾಕಿಕೊಂಡು ಮಾಡಿಕೊಟ್ಟು, ಅಂಚುಗಳನ್ನು ಮಡಿಸಿ ಕೊಡಬೇಕು. ಹೊಸ ಡಬ್ಬದ ಒಳಲೇಪ ಸುಟ್ಟುಹೋಗುವವರೆಗೆ ಮೊದಲ ಉರಿ ಬಯಲಿನಲ್ಲಿ, ಅಡುಗೆಯಿಲ್ಲದೆ ಉರಿಯಲಿ. ಡೇರೆಯೊಳಗೆ, ಮುಚ್ಚಿದ ಕೋಣೆಯೊಳಗೆ ಯಾವ ಒಲೆಯನ್ನೂ ಹಚ್ಚಬಾರದು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಾರಣಕ್ಕೆ ಹೋದಾಗ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ ಎಂಬುದೂ ನೆನಪಿರಲಿ. ಶಾಲೆಯ ಬಯಲೇ ಇದಕ್ಕೆ ಸರಿಯಾದ ಜಾಗ.

ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬದಿಂದ ಮಾಡುವ ಸ್ಪಿರಿಟ್ ಒಲೆ ಮಾತ್ರ ಮಕ್ಕಳಿಗೆ ಬೇಡ. ಅಮೆರಿಕದ ಜಾರ್ಜಿಯದಿಂದ ಮೇನ್‌ವರೆಗೆ ಸುಮಾರು 3,500 ಕಿಲೋಮೀಟರ್ ಸಾಗುವ ಅಪಲಾಚಿಯನ್ ಹಾದಿಯ ನಡಿಗೆಗಾರರಿಗೆ ಅದು ಬಲು ಪ್ರೀತಿ. ಹೊರಲು ಕೆಲವೇ ಗ್ರಾಂ. ಎರಡು ಡಬ್ಬಗಳ ತಳವನ್ನು ಒಂದರೊಳಗೊಂದು ಕೂರಿಸಿ ಅಂಚಿಗೆ ಸೂಜಿ ತೂತು ಹಾಕಿದರೆ, ಒಳಗಿನ ಸ್ಪಿರಿಟ್ ಕುದಿದು ಆವಿಯಾಗಿ ತೂತುಗಳಲ್ಲಿ ಉರಿಯುತ್ತದೆ. ಅಂದವೇನೋ ಹೌದು. ಆದರೆ ಹಗಲು ಬೆಳಕಿನಲ್ಲಿ ಆ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಆರಿದೆಯೆಂದು ತಿಳಿದು ಮತ್ತೆ ಸ್ಪಿರಿಟ್ ಸುರಿಯುವ ಕೈಗೆ ಬಾಟಲಿಯೇ ಹೊತ್ತಿಕೊಳ್ಳುತ್ತದೆ.

ಡಬ್ಬದ ಒಲೆಯ ಆಸೆ ಅಷ್ಟಕ್ಕೂ ತೀರದವರು ಅಜ್ಜಿಯನ್ನು ಕೇಳಿ ಹೊಟ್ಟಿನ ಒಲೆ ಮಾಡಿಸಿಕೊಳ್ಳಬಹುದು. ಸಾಮಿಲ್ ಇದ್ದ ಊರುಗಳಲ್ಲಿ ಎಷ್ಟೋ ಮನೆಗಳ ಬಚ್ಚಲ ನೀರು ಕಾದದ್ದು ಇದರಲ್ಲೇ. ತಳದ ಹತ್ತಿರ ಪಕ್ಕಕ್ಕೆ ಒಂದು ತೂತಿರುವ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ತೂತಿನಿಂದ ಬಾಟಲಿಗೆ ತಾಗುವಂತೆ ಒಂದು ರೂಲುದೊಣ್ಣೆ ತೂರಿಸಿ, ಸುತ್ತ ಮರದ ಹೊಟ್ಟನ್ನು ಬಿಗಿಯಾಗಿ ತುಂಬುವುದು. ಆಮೇಲೆ ದೊಣ್ಣೆಯನ್ನೂ ಬಾಟಲಿಯನ್ನೂ ಮೆಲ್ಲಗೆ ತಿರುಗಿಸುತ್ತಾ ಎಳೆದರೆ ಹೊಟ್ಟಿನೊಳಗೇ ‘ಎಲ್’ ಆಕಾರದ ಸುರಂಗ ಉಳಿಯುತ್ತದೆ, ಓರೆಗನ್ನಿನ ಕೊಳವೆಯದೇ ಆಕಾರ! ಕೆಳಗಿನ ತೂತಿನಲ್ಲಿ ಒಂದು ಸಣ್ಣ ಕೊಳ್ಳಿ ಇಟ್ಟರೆ ಮತ್ತೆ ಸೌದೆ ಮುಟ್ಟುವ ಕೆಲಸವಿಲ್ಲದೆ ಗಂಟೆಗಟ್ಟಲೆ ಉರಿಯುತ್ತದೆ. ಹೊಟ್ಟು ಚೆನ್ನಾಗಿ ಒಣಗಿರಬೇಕು, ಪಾತ್ರೆಯನ್ನು ಧೊಪ್ಪನೆ ಇಡಬಾರದು. ಸುರಂಗ ಕುಸಿದರೆ ಎಲ್ಲವನ್ನೂ ಸುರಿದು ಮೊದಲಿನಿಂದ ತುಂಬಬೇಕು.