ಉಪ್ಪುನೀರಿನ ಅಕ್ವೇರಿಯಂ: ಮೀನಿಗಿಂತ ಮೊದಲು ಬೆಳೆಸಬೇಕಾದದ್ದು

ನಮ್ಮ ಮನೆಯ ಚಾವಡಿಯಲ್ಲಿ ಈಗ ಎರಡು ಕ್ಲೌನ್ ಮೀನುಗಳಿವೆ. ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಮೂರು ಬಿಳಿ ಪಟ್ಟಿ. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಚಿತ್ರ ನೋಡಿದವರಿಗೆ ಇವುಗಳ ಪರಿಚಯ ಹೇಳಬೇಕಾಗಿಲ್ಲ. ಮನೆಗೆ ಬಂದ ಗೆಳೆಯರೆಲ್ಲರೂ ಕೇಳುವುದು ಒಂದೇ ಪ್ರಶ್ನೆ: “ನಾನೂ ಇಡಬೇಕು, ಮುಂದಿನ ವಾರ ಆಗುತ್ತದಾ?” ಮುಂದಿನ ವಾರ ಆಗುವುದಿಲ್ಲ. ಆರು ವಾರ ಕಾಯಲು ಸಿದ್ಧರಿದ್ದರೆ ಖಂಡಿತ ಆಗುತ್ತದೆ. ಆ ಆರು ವಾರ ಏಕೆ ಬೇಕು, ಅಷ್ಟು ದಿನ ಟ್ಯಾಂಕಿನೊಳಗೆ ಏನು ನಡೆಯುತ್ತದೆ ಎಂಬುದನ್ನು ವಿವರಿಸಲು ಈ ಲೇಖನ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಹೆಚ್ಚಿನ ವಿಷಯಗಳು ನಮ್ಮ ಪಿಯುಸಿ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದ ಪುಸ್ತಕದಲ್ಲೇ ಇವೆ.

ಸಿಹಿನೀರಿನ ಮೀನಿಗೂ ಕಡಲ ಮೀನಿಗೂ ಏನು ವ್ಯತ್ಯಾಸ?

ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಲವಣ ಹೆಚ್ಚು. ಹಾಗಾಗಿ ಪರಾಸರಣದಿಂದ ನೀರು ತಾನಾಗಿ ಅದರ ಮೈಯೊಳಗೆ ನುಗ್ಗುತ್ತದೆ. ಕಡಲ ಮೀನಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಸುತ್ತಲಿನ ನೀರು ಅದರ ರಕ್ತಕ್ಕಿಂತ ಉಪ್ಪಾಗಿರುವುದರಿಂದ ಮೈಯಿಂದ ನೀರು ಹೊರಗೆ ಹೋಗುತ್ತಲೇ ಇರುತ್ತದೆ. ಆ ನಷ್ಟ ತುಂಬಲು ಅದು ಸದಾ ಸಮುದ್ರದ ನೀರನ್ನು ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಅಂದರೆ ನೀರಿನಲ್ಲಿದ್ದೂ ಬಾಯಾರುವ ಜೀವ ಅದು. ನೀರಿನ ಉಪ್ಪಿನ ಪ್ರಮಾಣ ಏಕಾಏಕಿ ಬದಲಾದರೆ ಈ ಇಡೀ ವ್ಯವಸ್ಥೆಗೇ ಪೆಟ್ಟು ಬೀಳುತ್ತದೆ.

ಇನ್ನೊಂದು ವಿಷಯವಿದೆ. ಹವಳದ ದಿಬ್ಬಗಳ ಸುತ್ತಲಿನ ಕಡಲಿನಲ್ಲಿ ಉಷ್ಣತೆ, ಪಿಎಚ್, ಉಪ್ಪು ಯಾವುದೂ ಒಂದೇ ದಿನದಲ್ಲಿ ಹೆಚ್ಚು ಬದಲಾಗುವುದಿಲ್ಲ. ನಮ್ಮ ನೂರು ಲೀಟರ್ ನೀರಿನಲ್ಲಿ ಇವೆಲ್ಲ ಒಂದೇ ರಾತ್ರಿಯಲ್ಲಿ ಬದಲಾಗಬಹುದು. ಆದ್ದರಿಂದಲೇ ಹೊಸಬರು ಪುಟ್ಟ ಟ್ಯಾಂಕಿನಿಂದ ಆರಂಭಿಸಬಾರದು. ನೀರು ಹೆಚ್ಚಿದ್ದಷ್ಟೂ ಬದಲಾವಣೆ ನಿಧಾನವಾಗಿ ಆಗುತ್ತದೆ.

ಬೇಕಾಗುವ ಸಾಮಾನು

ನಮ್ಮದು 36 ಅಂಗುಲ ಉದ್ದ, 15 ಅಂಗುಲ ಅಗಲ, 15 ಅಂಗುಲ ಎತ್ತರದ ಗಾಜಿನ ಟ್ಯಾಂಕ್. ಪೂರ್ತಿ ತುಂಬಿದರೆ ಸುಮಾರು 130 ಲೀಟರ್. ಮೇಲೆ ಬಿಡುವ ಜಾಗ, ಮರಳು, ಕಲ್ಲು ಎಲ್ಲ ಕಳೆದರೆ ಉಳಿಯುವ ನೀರು ನೂರು ಲೀಟರಿನ ಆಸುಪಾಸು. ಗಾಜು, ಕಲ್ಲು, ನೀರು ಸೇರಿ ಒಂದೂವರೆ ಕ್ವಿಂಟಾಲಿಗೂ ಹೆಚ್ಚು ಭಾರವಾಗುತ್ತದೆ. ಓದುವ ಮೇಜಿನ ಮೇಲೋ ಪುಸ್ತಕದ ಕಪಾಟಿನ ಮೇಲೋ ಇಡುವಂತಿಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟಿದ್ದೇವೆ.

ಉಳಿದಂತೆ ನೀರನ್ನು ತಿರುಗಿಸುತ್ತಿರುವ ಪಂಪ್, ಒಂದು ಫಿಲ್ಟರ್, ಎಲ್‌ಇಡಿ ದೀಪ, ಥರ್ಮಾಮೀಟರ್, ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಮತ್ತು ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನೋಡುವ ಪರೀಕ್ಷಾ ಕಿಟ್ ಬೇಕು. ಹಣ ಉಳಿಸಬೇಕೆಂದಿದ್ದರೆ ದೀಪದಲ್ಲಿ ಉಳಿಸಿ, ಕಿಟ್‌ನಲ್ಲಿ ಬೇಡ. ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ವಿಷವಾಗಿರಬಹುದು. ಅದನ್ನು ಹೇಳುವುದು ಕಿಟ್ ಮಾತ್ರ.

ಕರಾವಳಿಯಲ್ಲಿ ಹೀಟರ್ ಅಗತ್ಯವಿಲ್ಲ. ನಮ್ಮ ಸಮಸ್ಯೆ ಸೆಕೆ. ನೀರು 25ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಅದು 30 ದಾಟುತ್ತದೆ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟಾಗ ಆವಿಯಾಗುವಿಕೆಯಿಂದ ಎರಡು ಡಿಗ್ರಿಯಷ್ಟು ಇಳಿದದ್ದನ್ನು ನಾವು ಅಳೆದು ನೋಡಿದ್ದೇವೆ.

ಬೀಚಿನಿಂದ ನೀರು ತಂದರೆ ಸಾಲದೇ?

ಕಡಲು ಇಷ್ಟು ಹತ್ತಿರವಿರುವಾಗ ಉಪ್ಪಿನ ಪ್ಯಾಕೆಟ್ ಏಕೆ ಕೊಳ್ಳಬೇಕು ಎಂದು ಉಮ್ಮ ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಮೀನು ಮರಿ ಮಾಡಿಸುವ ಕೇಂದ್ರಗಳು ಕಡಲ ನೀರನ್ನೇ ಬಳಸುತ್ತವೆ. ಆದರೆ ಅವು ಅದನ್ನು ತಂಗಿಸಿ, ಸೋಸಿ, ಸೋಂಕು ತೆಗೆದು ಬಳಸುತ್ತವೆ. ದಡದ ನೀರಿನಲ್ಲಿ ದೋಣಿಯ ಎಣ್ಣೆ, ಚರಂಡಿಯ ನೀರು, ಕಣ್ಣಿಗೆ ಕಾಣದ ಪ್ಲವಕಗಳು ಎಲ್ಲವೂ ಇರುತ್ತವೆ. ಪ್ಲವಕಗಳು ಟ್ಯಾಂಕಿನಲ್ಲಿ ಸತ್ತು ಕೊಳೆಯುತ್ತವೆ. ಮಳೆಗಾಲದಲ್ಲಂತೂ ಹೊಳೆಗಳ ಕೆಂಪು ನೀರು ಬಂದು ಸೇರಿ, ಅಳಿವೆಯ ಸುತ್ತಮುತ್ತ ನೀರು ಅರ್ಧ ಸಿಹಿಯೇ ಆಗಿರುತ್ತದೆ.

ಅಡುಗೆ ಉಪ್ಪೂ ಆಗುವುದಿಲ್ಲ. ಅದು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನಲ್ಲಿ ಇವೆರಡರ ಜೊತೆ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇವೆ. ಒಂದು ಲೀಟರಿನಲ್ಲಿ ಮೆಗ್ನೀಸಿಯಂ ಸುಮಾರು 1300 ಮಿಲಿಗ್ರಾಂ, ಕ್ಯಾಲ್ಸಿಯಂ ಸುಮಾರು 400 ಮಿಲಿಗ್ರಾಂ. ಪಿಎಚ್ ಅನ್ನು 8.1ರಿಂದ 8.4ರ ನಡುವೆ ಹಿಡಿದಿಡುವ ಬೈಕಾರ್ಬೊನೇಟೂ ಇದೆ. ಅಕ್ವೇರಿಯಂಗಾಗಿಯೇ ತಯಾರಿಸಿದ ಉಪ್ಪಿನಲ್ಲಿ ಇವೆಲ್ಲ ಅದೇ ಅನುಪಾತದಲ್ಲಿರುತ್ತವೆ.

ಲೀಟರಿಗೆ 35 ಗ್ರಾಂ ಲವಣ, ಅಂದರೆ ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ. ಪ್ಯಾಕೆಟ್ ಉಪ್ಪಿನಲ್ಲಿ ಸ್ವಲ್ಪ ತೇವಾಂಶ ಇರುವುದರಿಂದ ತುಸು ಹೆಚ್ಚೇ ಹಾಕಬೇಕಾಗುತ್ತದೆ. ಕರಗಿಸಲು ಆರ್‌ಒ ನೀರು ಉತ್ತಮ. ನಲ್ಲಿ ನೀರಾದರೆ ಅದರಲ್ಲಿನ ಕ್ಲೋರಿನ್ ತೆಗೆಯಲೇಬೇಕು. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಮಾರುವ ಹರಳು ಬೇರೇನೂ ಅಲ್ಲ, ನಮ್ಮ ಪ್ರಯೋಗಾಲಯದ ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್.

ಆರು ವಾರ ನೀರನ್ನೇ ಸಾಕುವುದು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೀನು ಉಸಿರಾಡುವಾಗ ಕಿವಿರುಗಳಿಂದ ಅಮೋನಿಯಾ ಹೊರಬರುತ್ತದೆ. ಉಳಿದ ಆಹಾರ ಕೊಳೆತಾಗಲೂ ಅದೇ ಉಂಟಾಗುತ್ತದೆ. ಕಡಲಿನಲ್ಲಿ ಅದು ಕರಗಿ ದೂರ ಹೋಗುತ್ತದೆ. ಟ್ಯಾಂಕಿನಲ್ಲಿ ಹೋಗಲು ಜಾಗವಿಲ್ಲ.

ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿ ಇರುತ್ತದೆ. ಒಂದು ಅಮೋನಿಯಂ ಅಯಾನು, ಇದರಿಂದ ಅಪಾಯ ಕಡಿಮೆ. ಇನ್ನೊಂದು ಅಮೋನಿಯಾ ಅಣು, ಇದು ಕಿವಿರನ್ನು ಸುಡುತ್ತದೆ. ಪಿಎಚ್ ಏರಿದಂತೆ ಈ ಸಮತೋಲನ ಅಣುವಿನ ಕಡೆಗೆ ವಾಲುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 7.2 ಇರುವ ಸಿಹಿನೀರಿನಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಅಮೋನಿಯಾ ವಿಷದ ರೂಪದಲ್ಲಿರುತ್ತದೆ. ಪಿಎಚ್ 8.2ರ ಕಡಲ ನೀರಿನಲ್ಲಿ ಅದು ನೂರಕ್ಕೆ ಆರೇಳು ಪಾಲು. ಅಂದರೆ ಸಿಹಿನೀರಿನ ಮೀನು ಹೇಗೋ ತಡೆದುಕೊಳ್ಳುವ ಪ್ರಮಾಣ ಕಡಲ ಮೀನನ್ನು ಕೊಲ್ಲಬಹುದು.

ಈ ವಿಷವನ್ನು ತೆಗೆಯುವವರು ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತದೆ. ನೈಟ್ರೇಟ್‌ನಿಂದ ಅಪಾಯ ಬಹಳ ಕಡಿಮೆ. ಪಠ್ಯದಲ್ಲಿ ಓದಿದ ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ನೆನಪಿರಬಹುದು. ಅಕ್ವೇರಿಯಂಗಳಲ್ಲಿ ಎರಡನೆಯ ಕೆಲಸವನ್ನು ಹೆಚ್ಚಾಗಿ ಮಾಡುವುದು ನೈಟ್ರೊಸ್ಪೈರಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಎಂದು ನಂತರದ ಸಂಶೋಧನೆಗಳು ತೋರಿಸಿವೆ. ಇವು ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಅಂಟಿಕೊಂಡು ಬಹಳ ನಿಧಾನವಾಗಿ ಹೆಚ್ಚುತ್ತವೆ. ಹೊಸ ಟ್ಯಾಂಕಿನಲ್ಲಿ ಸಾಕಷ್ಟು ಸಂಖ್ಯೆಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಆದರೆ ಅವುಗಳಿಗೂ ಮೊದಲು ಆಹಾರ ಬೇಕಲ್ಲ? ಇಲ್ಲಿ ಎರಡು ದಾರಿಗಳಿವೆ. ಒಬ್ಬ ಅಂಗಡಿಯವರು, “ಎರಡು ಡ್ಯಾಮ್ಸೆಲ್ ಮೀನು ಬಿಡಿ, ಗಟ್ಟಿ ಜಾತಿ, ಸತ್ತರೂ ಬೆಲೆ ಕಡಿಮೆ” ಎಂದರು. ಆ ಮಾತು ನನಗೆ ಹಿಡಿಸಲಿಲ್ಲ. ಬೆಲೆ ಕಡಿಮೆಯೆಂದು ಅದಕ್ಕೆ ಉರಿ ಕಡಿಮೆಯಾಗುತ್ತದೆಯೇ? ಉಮ್ಮ ಇನ್ನೂ ನೇರವಾಗಿ ಹೇಳಿದರು: “ಬಾಯಿಲ್ಲದ ಜೀವವನ್ನು ಮನೆಗೆ ತಂದರೆ ಅದು ಅಮಾನತ್ತು.” ಹಾಗಾಗಿ ನಾವು ಎರಡನೆಯ ದಾರಿ ಹಿಡಿದೆವು. ಮೀನಿನ ಬದಲು ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದೆವು.

ಎಷ್ಟು ಹಾಕಬೇಕು ಎಂಬುದು ಮೋಲ್ ಲೆಕ್ಕ. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಬೇಕೆಂದರೆ ನೂರು ಲೀಟರಿಗೆ 200 ಮಿಲಿಗ್ರಾಂ. ಅಮೋನಿಯಾದ ಅಣುತೂಕ 17, ಅಮೋನಿಯಂ ಕ್ಲೋರೈಡಿನದು 53.5. ಆದ್ದರಿಂದ ಸುಮಾರು 630 ಮಿಲಿಗ್ರಾಂ ಸಾಕು. ಚಿಟಿಕೆಯಷ್ಟು.

ನನ್ನ ತಂಗಿ ಎಂಟನೇ ತರಗತಿ. ಎರಡು ದಿನಕ್ಕೊಮ್ಮೆ ಪರೀಕ್ಷೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ಅವಳದು. ಮೊದಲ ಹತ್ತು ದಿನ ಏನೂ ಬದಲಾಗಲಿಲ್ಲ. ಬಂದ ನೆಂಟರು, “ಏನು, ನೀರನ್ನು ಸಾಕುತ್ತಿದ್ದೀರಾ?” ಎಂದು ನಕ್ಕರು. ಎರಡನೇ ವಾರದ ಕೊನೆಗೆ ಅಮೋನಿಯಾ ಇಳಿಯತೊಡಗಿತು, ನೈಟ್ರೈಟ್ ಏರಿತು. ಆಗ ಇನ್ನೊಮ್ಮೆ ಅಷ್ಟೇ ಪ್ರಮಾಣ ಹಾಕಿದೆವು. ನಾಲ್ಕನೇ ವಾರವಿಡೀ ನೈಟ್ರೈಟಿನ ಬಣ್ಣ ಕಡು ನೇರಳೆಯಾಗಿಯೇ ಇತ್ತು. ತಂಗಿಗೆ ಅಳುವೇ ಬಂದಿತ್ತು. ಐದನೇ ವಾರದಲ್ಲಿ ಅದು ತಾನಾಗಿ ಇಳಿಯಿತು. 37ನೇ ದಿನ ಮೂರನೇ ಸಲ ಅಮೋನಿಯಾ ಹಾಕಿದೆವು. 24 ಗಂಟೆಯ ನಂತರ ನೋಡಿದರೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20ರ ಆಸುಪಾಸು. ಮೂರು ಸಲ ಹಾಕಿದ ಅಮೋನಿಯಾವೆಲ್ಲ ನೈಟ್ರೇಟ್ ಆದರೆ ಲೆಕ್ಕದ ಪ್ರಕಾರ ಲೀಟರಿಗೆ ಸುಮಾರು 22 ಮಿಲಿಗ್ರಾಂ ಬರಬೇಕು. ಪುಸ್ತಕದ ಸಮೀಕರಣವೊಂದು ಕಣ್ಣೆದುರು ಸರಿಹೊಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅರ್ಧ ನೀರು ಬದಲಿಸಿ, ಆಮೇಲೆ ಮೀನು ತರಲು ಹೊರಟೆವು.

ಆವಿಯಾಗುವುದು ನೀರು, ಉಪ್ಪಲ್ಲ

ದಿನವೂ ಟ್ಯಾಂಕಿನ ನೀರು ಸ್ವಲ್ಪ ಇಳಿಯುತ್ತದೆ. ಇಳಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ. ನೂರು ಲೀಟರಿನಲ್ಲಿ 3.5 ಕಿಲೋ ಲವಣವಿದೆ ಎಂದುಕೊಳ್ಳಿ. ವಾರಕ್ಕೆ 5 ಲೀಟರ್ ಆವಿಯಾಗುತ್ತದೆ. ಆ ಜಾಗಕ್ಕೆ 5 ಲೀಟರ್ ಉಪ್ಪುನೀರು ಸುರಿದರೆ 175 ಗ್ರಾಂ ಲವಣ ಹೆಚ್ಚಾಯಿತು. ನಾಲ್ಕು ವಾರ ಹೀಗೇ ಮಾಡಿದರೆ ಲವಣ 4.2 ಕಿಲೋ, ಅಂದರೆ ಲೀಟರಿಗೆ 42 ಗ್ರಾಂ. ಮೊದಲೇ ಹೇಳಿದಂತೆ, ಸದಾ ಬಾಯಾರಿಕೆಯಲ್ಲಿರುವ ಮೀನಿಗೆ ಇದು ದೊಡ್ಡ ಹಿಂಸೆ. ಗಾಜಿನ ಮೇಲೆ ಒಂದು ಗೆರೆ ಎಳೆದು, ನೀರು ಅದಕ್ಕಿಂತ ಇಳಿದಾಗ ಆರ್‌ಒ ನೀರು ಹಾಕಿದರೆ ಸಾಕು.

ಯಾವುದನ್ನು ತರಬಹುದು, ಯಾವುದನ್ನು ತರಬಾರದು

ಹೊಸಬರಿಗೆ ಕ್ಲೌನ್ ಮೀನಿನ ಜೋಡಿ ಒಳ್ಳೆಯ ಆಯ್ಕೆ. ಇವನ್ನು ಕಡಲಿನಿಂದ ಹಿಡಿಯಬೇಕಾಗಿಲ್ಲ. ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಟ್ಯಾಂಕಿನಲ್ಲೇ ಹುಟ್ಟಿದ ಮೀನು ಗುಳಿಗೆ ಆಹಾರ ತಿಂದು ಅಭ್ಯಾಸವಾಗಿರುತ್ತದೆ, ಬದುಕುವ ಸಾಧ್ಯತೆಯೂ ಹೆಚ್ಚು. ಕೊಳ್ಳುವಾಗ “ಸಾಕಿದ್ದೋ, ಹಿಡಿದದ್ದೋ?” ಎಂದು ಕೇಳಿ. ಕ್ಲೌನ್ ಮೀನಿಗೆ ಕಡಲ ಹೂವು ಕಡ್ಡಾಯವಲ್ಲ. ಇನ್ನೊಂದು ಸ್ವಾರಸ್ಯ: ಇವೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗುತ್ತದೆ.

ಅದೇ ಚಿತ್ರದ ನೀಲಿ ಮೀನು ಡೋರಿ ಬೇಡ. ಅದು ಒಂದು ಅಡಿಯಷ್ಟು ಬೆಳೆಯುತ್ತದೆ, ನಮ್ಮ ಟ್ಯಾಂಕ್ ಅದಕ್ಕೆ ಸೆರೆಮನೆ.

ಹವಳ ಮತ್ತು ಕಡಲ್ಗುದುರೆ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇವೆರಡೂ ಇವೆ. ಹುಲಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಮುರುಡೇಶ್ವರದಿಂದ ನೇತ್ರಾಣಿ ನಡುಗಡ್ಡೆಗೆ ಹೋದವರು ನೆನಪಿಗೆಂದು ಹವಳದ ತುಂಡು ತರಬಾರದು. ಸತ್ತ ಹವಳವೂ ಬೇಡ. ನಾವು ಸೆರಾಮಿಕ್ ಕಲ್ಲುಗಳನ್ನೂ, ಚೆನ್ನಾಗಿ ತೊಳೆದು ಒಣಗಿಸಿ ಪುಡಿ ಮಾಡಿದ ಮರುವಾಯಿ ಚಿಪ್ಪನ್ನೂ ಬಳಸಿದ್ದೇವೆ. ಬ್ಯಾಕ್ಟೀರಿಯಾಗಳಿಗೆ ಅಷ್ಟು ಮನೆ ಸಾಕು.

ಮೀನು ತಂದ ದಿನ ಚೀಲದ ನೀರನ್ನು ಬಕೆಟ್ಟಿಗೆ ಸುರಿದು, ಸಣ್ಣ ಕೊಳವೆಯಿಂದ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಟ್ಟು, ಮುಕ್ಕಾಲು ಗಂಟೆಯ ನಂತರ ಮೀನನ್ನು ಮಾತ್ರ ಒಳಗೆ ಬಿಡಿ. ಚೀಲದ ನೀರು ಟ್ಯಾಂಕಿಗೆ ಬೇಡ.

ಆರಂಭಿಸುವ ಮುನ್ನ

ದಿನಕ್ಕೆ ಎರಡು ಸಲ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ 10 ಲೀಟರ್ ನೀರಿನ ಬದಲಾವಣೆ, ಅದಕ್ಕೆ 350 ಗ್ರಾಂ ಉಪ್ಪು. ಈ ಉಪ್ಪಿನ ಖರ್ಚು ಒಂದು ಸಲದ್ದಲ್ಲ, ಪ್ರತಿ ತಿಂಗಳದ್ದು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಹೊರತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡಿ.

ಮಳೆಗಾಲದ ಕರೆಂಟಿನ ಬಗ್ಗೆಯೂ ಮೊದಲೇ ಯೋಚಿಸಿ. 25 ಡಿಗ್ರಿಯಲ್ಲಿ ಸಿಹಿನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕ ಕರಗಿದರೆ, ಕಡಲ ನೀರಿನಲ್ಲಿ ಕರಗುವುದು 7ಕ್ಕಿಂತ ಕಡಿಮೆ. ಪಂಪ್ ನಿಂತರೆ ಅದೂ ಬೇಗ ಮುಗಿಯುತ್ತದೆ. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದು ಮನೆಯಲ್ಲಿರಲೇಬೇಕು.

ಹಾಸ್ಟೆಲಿನಲ್ಲಿರುವ ಗೆಳೆಯರು, ಪರೀಕ್ಷೆಯ ತಿಂಗಳಲ್ಲಿ ನೀರು ಬದಲಿಸಲು ಮನೆಯಲ್ಲಿ ಬೇರೆ ಯಾರೂ ಇಲ್ಲದವರು ಸದ್ಯಕ್ಕೆ ಆರಂಭಿಸಬೇಡಿ ಎಂದೇ ನನ್ನ ಸಲಹೆ. ಉಳಿದವರು ಮೊದಲು ಮನೆಯವರನ್ನು ಒಪ್ಪಿಸಿ, ನೋಟ್‌ಬುಕ್ ಒಂದನ್ನು ಕೊಳ್ಳಿ, ಆಮೇಲೆ ಟ್ಯಾಂಕ್. ಮೀನಿನ ಅಂಗಡಿಗೆ ಹೋಗುವುದು ಕೊನೆಗೆ, ನೋಟ್‌ಬುಕ್ಕಿನಲ್ಲಿ ಎರಡು ಸೊನ್ನೆಗಳು ಬಿದ್ದ ಮೇಲೆ.

ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ