ಐದು ಕೀಲಿಗಳಲ್ಲಿ ಕೊಯಿಲ

ಕಡಬ ತಾಲೂಕಿನ ಕೊಯಿಲದ ಹೆಸರನ್ನು ‘ನುಡಿ’ ತಂತ್ರಾಂಶದಲ್ಲಿ ಬರೆಯಲು ಐದು ಕೀಲಿ ಸಾಕು: ಕೆ, ಓ, ವೈ, ಐ, ಎಲ್. ಓ ಒತ್ತಿದೊಡನೆ ‘ಕ’ ಹೋಗಿ ‘ಕೊ’ ಆಗುತ್ತದೆ. ಯಾವ ಕೊಂಬನ್ನು ಎಲ್ಲಿ ಅಂಟಿಸಬೇಕೆಂಬ ಗೊಡವೆ ಬೆರಳಿಗಿಲ್ಲ. ಇದನ್ನೊಬ್ಬರು ಕೂತು ಯೋಚಿಸಿ ಮಾಡಿದ್ದೆಂಬುದು ಈಗ ಯಾರ ನೆನಪಿಗೂ ಬರುವುದಿಲ್ಲ.

ಹಳೆಯ ಕನ್ನಡ ಬೆರಳಚ್ಚು ಯಂತ್ರಕ್ಕೆ ಗೊತ್ತಿದ್ದದ್ದು ಅಕ್ಷರದ ಆಕಾರ ಮಾತ್ರ. ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ತುಂಡು ತುಂಡಾಗಿ ಹೊಡೆದು ಜೋಡಿಸಬೇಕಿತ್ತು. ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದ ಕೆ.ಪಿ. ರಾಯರು ಬೇರೆ ದಾರಿ ಹಿಡಿದರು. ಮನುಷ್ಯ ಉಚ್ಚಾರದ ಕ್ರಮವನ್ನಷ್ಟೇ ಹೇಳಲಿ, ಆಕಾರದ ಪಾಡು ಕಂಪ್ಯೂಟರಿನದು. 26 ಇಂಗ್ಲಿಷ್ ಕೀಲಿಗಳೊಳಗೇ ಇಡೀ ವರ್ಣಮಾಲೆ ಕೂತಿತು. ‘ಪುತ್ತೂರು’ ಬರೆಯುವಾಗ ಎರಡು ಟಿಗಳ ನಡುವೆ ಎಫ್ ಒತ್ತಿದರೆ ಒತ್ತಕ್ಷರ ಸಿದ್ಧ. ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ ಎಂಬುದು ಮಾತ್ರ ಬಾಯಿಪಾಠವೇ. ‘ಕಡಬ’ ಎಂದು ಬರೆಯುವ ಹೊಸಬರು ತಡವರಿಸುವುದು ಅಲ್ಲೇ.

ತಮ್ಮ ತಂತ್ರಾಂಶಕ್ಕೆ ರಾಯರು ಇಟ್ಟ ಹೆಸರು ‘ಸೇಡಿಯಾಪು’. ಪುತ್ತೂರು ಸೀಮೆಯ ಪಂಡಿತ, ‘ಛಂದೋಗತಿ’ ಬರೆದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಛಂದಸ್ಸೆಂದರೆ ಅಕ್ಷರವನ್ನು ಕಿವಿಯಿಂದ ಅಳೆಯುವ ಶಾಸ್ತ್ರ. ಹಾಗಾಗಿ ಇದು ಬರಿಯ ಗೌರವದ ನಾಮಕರಣ ಎಂದು ನನಗೆ ಅನಿಸುವುದಿಲ್ಲ. ವಿನ್ಯಾಸಕ್ಕೆ ಅವರು ಹಣ ಕೇಳಲಿಲ್ಲ. ಸರ್ಕಾರ ಅದನ್ನು ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ಕಚೇರಿ ಕಚೇರಿಗೂ ಹೋಯಿತು.

ಬೆರಳು ಧ್ವನಿಯ ಹಿಂದೆ ಹೋದರೂ ಕಂಪ್ಯೂಟರಿನ ಹೊಟ್ಟೆಯಲ್ಲಿ ಬಹುಕಾಲ ಉಳಿದದ್ದು ಫಾಂಟಿನ ಚೂರುಗಳೇ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕಡತವೆಲ್ಲ ರೋಮನ್ ಅಕ್ಷರಗಳ ಕಲಸುಮೇಲೋಗರ. ಅಂತರಜಾಲದಲ್ಲಿ ಹುಡುಕಿದರೆ ಸಿಗದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಕಚೇರಿಗಳ ಅಭ್ಯಾಸ ಅಷ್ಟು ಬೇಗ ಬದಲಾಗಲಿಲ್ಲ, ಅಷ್ಟೆ.

ಈಗ ಫೋನಿಗೆ ಮಾತಾಡಿದರೂ ಕನ್ನಡ ಮೂಡುತ್ತದೆ. ಆದರೆ ಕೊಯಿಲದ ಕಡೆ ಮನೆ, ಅಂಗಡಿಗಳ ಮಾತು ಹೆಚ್ಚಾಗಿ ತುಳು. ಗೂಗಲ್ ಅನುವಾದಕ್ಕೆ ತುಳು ಸೇರಿದ್ದು 2024ರಲ್ಲಿ. ಅದೇ ವರ್ಷ ಯೂನಿಕೋಡಿಗೆ ತುಳು-ತಿಗಳಾರಿ ಲಿಪಿಯೂ ಬಂತು. ದಿನಬಳಕೆಯ ತುಳು ಬರಹ ಮಾತ್ರ ಕನ್ನಡ ಲಿಪಿಯಲ್ಲೇ ನಡೆದಿದೆ. ತುಳುವಿನ ಅರೆ ಉಕಾರಕ್ಕೆ ಇದರಲ್ಲಿ ಅಕ್ಷರವಿಲ್ಲ. ‘ನೀರ್’ ಎಂದು ಎಫ್ ಒತ್ತಿ ನಿಲ್ಲಿಸುತ್ತಾರೆ, ಉಳಿದದ್ದು ಓದುವವರ ನಾಲಿಗೆಗೆ ಗೊತ್ತು. ಕನ್ನಡದ ಓದು ಮಾತ್ರ ಕಲಿತ ಯಂತ್ರಕ್ಕೆ ಅದನ್ನು ಇನ್ನೂ ಯಾರಾದರೂ ಹೇಳಿಕೊಡಬೇಕು.